ಕಲೆಯಿಲ್ಲದ ಬಟ್ಟೆ

ಹಾಸ್ಟೆಲಿನ ಹುಡುಗಿಯರಿಗೆ ಏನಾಗುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವರ ಬಟ್ಟೆ ಒಗೆಯುವ ಹೆಂಗಸಿಗೆ. ಅವಳನ್ನು ಯಾರೂ ಕೇಳಲಿಲ್ಲ. ಬಟ್ಟೆ ಒಗೆಯುವವಳನ್ನು ಜನ ಕೇಳುವುದು ಒಂದೇ ಮಾತು: ಒಣಗಿತಾ?

ಅದು ಓಟಗಾರ್ತಿಯರ ಹಾಸ್ಟೆಲ್. ಇಪ್ಪತ್ತೆರಡು ಹುಡುಗಿಯರು. ಅಡುಗೆಮನೆಯ ಹಿಂದೆ ತಗಡು ಹೊದಿಸಿದ ಶೆಡ್ಡು, ಒಳಗೆ ಎರಡು ಸಿಮೆಂಟ್ ತೊಟ್ಟಿ, ಒಂದು ಯಂತ್ರ. ಯಂತ್ರ ವಾರಕ್ಕೆ ಮೂರು ದಿನ ಓಡುತ್ತಿತ್ತು. ಉಳಿದ ದಿನ ಅವಳ ರಟ್ಟೆ ಓಡುತ್ತಿತ್ತು. ಬೆಳಿಗ್ಗೆ ಒಂದು ಓಟ, ಸಂಜೆ ಒಂದು ಓಟ. ಬೆವರಲ್ಲಿ ನೆನೆದ ಬನಿಯನ್ನು, ಚಡ್ಡಿ, ಕಾಲುಚೀಲ ಬುಟ್ಟಿಗಟ್ಟಲೆ ಬಂದು ಬೀಳುತ್ತಿದ್ದವು. ಸೋಪಿನ ನೀರಿಗೆ ಅವಳ ಬೆರಳ ಸಂದಿ ಒಡೆದು ಕೆಂಪಾಗಿತ್ತು. ಹುಡುಗಿಯರು ಅವಳನ್ನು ಬಟ್ಟೆಯಮ್ಮ ಅನ್ನುತ್ತಿದ್ದರು. ಅವಳಿಗೂ ಬೇರೆ ಹೆಸರಿತ್ತೆಂದು ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿಗೆ ಬರುವ ಮುಂಚೆ ಒಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದಿದ್ದಳು. ರಕ್ತದ ಕಲೆಯ ಗುಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಣ್ಣೀರಲ್ಲಿ ನೆನೆಹಾಕಬೇಕು. ಬಿಸಿನೀರು ತಾಗಿದರೆ ಕೂತುಬಿಡುತ್ತದೆ. ಹರೆಯದ ಹೆಣ್ಣುಮಕ್ಕಳ ಹಾಸ್ಟೆಲ್ ಎಂದು ಸೇರಿದ ದಿನವೇ ಒಂದು ತೊಟ್ಟಿಯನ್ನು ತಣ್ಣೀರಿಗೆ ಬೇರೆ ಇಟ್ಟುಕೊಂಡಳು. ಮೊದಲ ತಿಂಗಳು ಆ ತೊಟ್ಟಿಗೆ ಕೆಲಸವೇ ಬರಲಿಲ್ಲ. ನಾಚಿಕೆಗೆ ತಾವೇ ಒಗೆದುಕೊಳ್ಳುತ್ತಾರೇನೋ ಅಂದುಕೊಂಡಳು. ಎರಡನೆಯ ತಿಂಗಳು ಐವರ ಬಟ್ಟೆ ಬಂತು. ಮೂರನೆಯ ತಿಂಗಳೂ ಅದೇ ಐವರದು. ಪ್ರತಿ ಬಟ್ಟೆಗೂ ಹುಡುಗಿಯ ನಂಬರು ಹೊಲಿದಿರುತ್ತಿದ್ದರಿಂದ ಯಾರದು ಎಂದು ತಿಳಿಯುತ್ತಿತ್ತು. ಅನುಮಾನವಾಗಿ ಬಚ್ಚಲು ಗುಡಿಸುವವಳನ್ನೂ ಕೇಳಿದಳು.

"ಆ ಪ್ಯಾಡ್ ಹಾಕೋ ಡಬ್ಬಾನಾ? ಎರಡು ವಾರಕ್ಕೊಂದು ಸಲ ತೆಗೆದ್ರೂ ತುಂಬಿರಲ್ಲ. ನನ್ನ ಪುಣ್ಯ ಕಣಕ್ಕ" ಎಂದು ಅವಳು ನಕ್ಕಳು.

ಬಟ್ಟೆಯಮ್ಮ ನಗಲಿಲ್ಲ. ಅವಳಿಗೆ ಅಕ್ಕನ ನೆನಪಾಯಿತು.

ಹದಿನೇಳನೆಯ ವಯಸ್ಸಿನಲ್ಲಿ ಅವಳು ಅಕ್ಕನ ಜೊತೆ ಕಲ್ಲುಕ್ವಾರಿಯಲ್ಲಿ ಜಲ್ಲಿ ಹೊತ್ತಿದ್ದಳು. ಒಂದು ಹೊತ್ತು ಗಂಜಿ, ಹತ್ತು ಗಂಟೆ ಹೊರೆ. ಕ್ವಾರಿಯ ಹೆಂಗಸರಿಗೆ ಒಬ್ಬೊಬ್ಬರಿಗೇ ಮುಟ್ಟು ನಿಂತಿತು. ಪೀಡೆ ತೊಲಗಿತು ಎಂದು ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಒಂದು ಮಧ್ಯಾಹ್ನ ಬುಟ್ಟಿ ಹೊತ್ತು ಹಲಗೆ ಏರುತ್ತಿದ್ದ ಅಕ್ಕನ ತೊಡೆಯ ಮೂಳೆ ಲಟಕ್ಕೆಂದಿತು. ಜಾರಿ ಬಿದ್ದು ಮುರಿದುಕೊಂಡಳು ಎಂದು ಮೇಸ್ತ್ರಿ ಷರಾ ಬರೆದ. ತಂಗಿ ಅವಳ ಹಿಂದೆಯೇ ಇದ್ದಳು. ಕಣ್ಣಾರೆ ನೋಡಿದ್ದಳು. ಅಕ್ಕ ಬಿದ್ದು ಮುರಿದುಕೊಂಡಿರಲಿಲ್ಲ. ಮುರಿದು ಬಿದ್ದಿದ್ದಳು.

ಅಲ್ಲಿ ತಿನ್ನಲು ಇರಲಿಲ್ಲ. ಇಲ್ಲಿ ಅಡುಗೆಮನೆಯಲ್ಲಿ ಹಾಲಿತ್ತು, ಮೊಟ್ಟೆಯಿತ್ತು, ಮಾಂಸವಿತ್ತು, ಅಕ್ಕಿಯ ಮೂಟೆಗಳಿದ್ದವು. ಊಟದ ಕೋಣೆಯ ಬಾಗಿಲಲ್ಲಿ ತೂಕದ ಯಂತ್ರವೂ ಇತ್ತು.

ಬೆಳಗಿನ ಓಟ ಮುಗಿಸಿದವರು ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬಳೇ ಹತ್ತಬೇಕು. ವಾರ್ಡನ್ ಗಟ್ಟಿಯಾಗಿ ಓದುತ್ತಾಳೆ, ಕೋಚ್ ಬರೆದುಕೊಳ್ಳುತ್ತಾನೆ. ತೂಕ ಏರಿದ್ದರೆ ಅವತ್ತು ಅನ್ನ ಅರ್ಧ, ಮೊಟ್ಟೆಯಿಲ್ಲ.

"ನೋಡ್ರೇ, ನಮ್ಮ ಎಮ್ಮೆ ಮತ್ತೆ ಮೇಯ್ಕೊಂಡು ಬಂದಿದೆ" ಎಂದು ಕೋಚ್ ನಗಿಸುತ್ತಿದ್ದ. ಹುಡುಗಿಯರು ನಗುತ್ತಿದ್ದರು. ನಾಳೆ ಯಾರ ಸರದಿಯೋ ಎಂಬ ಭಯಕ್ಕೆ ಇನ್ನೂ ಜೋರಾಗಿ ನಗುತ್ತಿದ್ದರು. ಮುಟ್ಟಿನ ಮಾತೆತ್ತಲು ಅವನಿಗೆ ಸಂಕೋಚವೂ ಇರಲಿಲ್ಲ. "ನಿಂತೋಯ್ತಾ? ಒಳ್ಳೇದೇ ಆಯ್ತು. ಮೈ ಓಟಕ್ಕೆ ಹದ ಬಂತು ಅಂತ ಅರ್ಥ. ಇನ್ನೂ ಆಗ್ತಿದೆ ಅನ್ನೋರು ಮೈಗಳ್ಳರು." ಅದನ್ನು ಕೇಳಿಸಿಕೊಂಡ ಆ ಐದು ಹುಡುಗಿಯರು ತಮ್ಮ ಬಟ್ಟೆಯನ್ನು ಬುಟ್ಟಿಯ ತಳದಲ್ಲಿ ಬಚ್ಚಿಡುತ್ತಿದ್ದರು. ಕಳ್ಳತನ ಮಾಡಿದವರ ಹಾಗೆ.

ಉಳಿದ ಹದಿನೇಳು ಜನರಲ್ಲಿ ಒಬ್ಬಳಿಗೆ ಮಿಡತೆ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತು ವರ್ಷ. ಉದ್ದ ಕಾಲು, ಕಡ್ಡಿಯಂಥ ಮೈ. ಐದು ಸಾವಿರ ಮೀಟರ್ ಓಡುತ್ತಿದ್ದಳು. ಅವಳ ತಾಯಿ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಳು. ಪದಕ ಬಂದರೆ ಮಗಳಿಗೆ ಕಾಯಂ ಕೆಲಸ ಸಿಗುತ್ತದೆ, ಆಮೇಲೆ ಪೈಪು ಹಿಡಿಯುವುದು ತಪ್ಪುತ್ತದೆ ಎಂದು ಆ ತಾಯಿ ಕಾಯುತ್ತಿದ್ದಳು.

ಬಟ್ಟೆಯಮ್ಮ ಕೆಲಸಕ್ಕೆ ಸೇರುವ ಮೊದಲೇ ಮಿಡತೆಯ ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಒಮ್ಮೆ ಬಿರುಕು ಬಿಟ್ಟಿತ್ತು. ಆರು ವಾರ ಮಲಗಿದಳು. ಎದ್ದ ವಾರವೇ ಕೋಚ್ ಎರಡರಷ್ಟು ಓಡಿಸಿದ. ಕಳೆದದ್ದನ್ನ ಹಿಡೀಬೇಕಲ್ಲ ಅಂದ. ಎಂಟು ತಿಂಗಳ ಹಿಂದೆ ಬಲಪಾದದ ಮೂಳೆ ಹೋಯಿತು. ಎಡವಿರಲಿಲ್ಲ, ಬಿದ್ದಿರಲಿಲ್ಲ. "ನಿನ್ನ ಮೂಳೆ ಏನೇ, ಗಾಜಾ?" ಎಂದು ಅವನು ಎಲ್ಲರೆದುರು ಕೇಳಿದ. ಅವತ್ತಿನಿಂದ ಅವಳು ನೋವಾದರೆ ಬಾಯಿಬಿಡುವುದನ್ನೇ ನಿಲ್ಲಿಸಿದಳು. ಹಸಿವಾದರೆ ನೀರು ಕುಡಿದಳು.

ಸಂಜೆಯ ಓಟ ಮುಗಿಸಿ ಅವಳು ಶೆಡ್ಡಿಗೆ ಬರುತ್ತಿದ್ದಳು. ತೊಟ್ಟಿಯ ಅಂಚಿಗೆ ಕೂತು ತಣ್ಣೀರಲ್ಲಿ ಕಾಲು ಇಳಿಬಿಡುತ್ತಿದ್ದಳು. ಒಂದು ದಿನ ಅಂಚಿಗೆ ಹತ್ತಲು ಆಗಲಿಲ್ಲ. ಗೋಡೆ ಹಿಡಿದು ನಿಂತೇ ಇದ್ದಳು.

"ಏನೇ, ಮತ್ತೆ ಕಾಲಾ?"

"ಕಾಲಲ್ಲ, ಇಲ್ಲಿ." ತೊಡೆಯ ಸಂದಿಗೆ ಕೈಯಿಟ್ಟಳು. "ಹೆಜ್ಜೆ ಊರಿದ್ರೆ ಒಳಗೆ ಚಾಕು ಆಡಿಸಿದ ಹಾಗಾಗುತ್ತೆ."

"ಕೋಚಿಗೆ ಹೇಳಿದ್ಯಾ?"

"ಹೇಳಿದ್ರೆ ಆಯ್ಕೆ ಓಟದಿಂದ ಕಿತ್ತು ಹಾಕ್ತಾರೆ. ಇನ್ನು ಒಂಬತ್ತೇ ದಿನ."

ಬಟ್ಟೆಯಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು. "ಮುಟ್ಟಾಗಿ ಎಷ್ಟು ದಿನ ಆಯ್ತು?"

"ಆ ರಗಳೆ ನನಗಿಲ್ಲ. ಬಿಡು."

"ನಾನು ಬಂದ ಮೇಲೆ ಒಂದು ಸಲಾನೂ ಆಗಿಲ್ಲ ನಿನಗೆ. ನಾನು ಬಂದು ಹದಿನಾಲ್ಕು ತಿಂಗಳಾಯ್ತು."

ಹುಡುಗಿಯ ಮುಖ ಬಿಗಿಯಿತು. "ನನ್ನ ಬಟ್ಟೆ ನೋಡ್ತೀಯಾ ನೀನು?"

"ನೋಡದೆ ಹೇಗೆ ಒಗೀಲಿ?"

ಅಕ್ಕನ ಕಥೆ ಹೇಳಿದಳು. ಹುಡುಗಿ ಕೇಳಿಸಿಕೊಂಡಳು. ಬಟ್ಟೆಯಮ್ಮ ತನ್ನ ಬುತ್ತಿಯಲ್ಲಿದ್ದ ಬೇಯಿಸಿದ ಮೊಟ್ಟೆ ತೆಗೆದು ಅವಳ ಕೈಗಿಟ್ಟಳು. ಮಿಡತೆ ಅದನ್ನು ಮೂಸಿದಳು. ಅರ್ಧ ಕಚ್ಚಿದಳು. ಅಗಿಯುತ್ತಾ ಅಗಿಯುತ್ತಾ ಕಣ್ಣಲ್ಲಿ ನೀರು ಬಂತು. ಉಳಿದರ್ಧ ವಾಪಸು ಕೊಟ್ಟಳು.

"ಪೂರ್ತಿ ತಿನ್ನು ಮಗಳೇ."

"ನಿನಗೇನು, ಎಷ್ಟು ತಿಂದ್ರೂ ಯಾರೂ ತೂಕ ನೋಡಲ್ಲ."

ಮರುದಿನ ಬಟ್ಟೆಯಮ್ಮ ವಾರ್ಡನ್ ಕೋಣೆಗೆ ಹೋದಳು. ಕೂರು ಎಂದು ಯಾರೂ ಹೇಳಲಿಲ್ಲ. ನಿಂತೇ ಹೇಳಿದಳು. ಹುಡುಗಿಯರಿಗೆ ಹೊಟ್ಟೆಗೆ ಸಾಲುತ್ತಿಲ್ಲ, ಮುಟ್ಟು ನಿಂತಿದೆ, ಮೂಳೆ ಹೋಗುತ್ತಿದೆ.

"ನಿನ್ನ ಕೆಲಸ ಒಗೆಯೋದು" ಎಂದಳು ವಾರ್ಡನ್. ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು. "ನನಗೆ ಕಾಣಲ್ವಾ? ನನಗೂ ಎರಡು ಹೆಣ್ಣುಮಕ್ಕಳಿದ್ದಾರೆ. ಬಾಯಿಬಿಟ್ರೆ ನಾಳೆ ನಾನು ಬೀದೀಲಿ. ನೀನೂ ಬೀದೀಲಿ. ಹೋಗು."

ಆಯ್ಕೆಗೆ ನಾಲ್ಕು ದಿನ ಇತ್ತು. ಮಿಡತೆ ಮೆಟ್ಟಿಲನ್ನು ಕೂತುಕೊಂಡು ಇಳಿಯುವುದನ್ನು ಕೋಚ್ ನೋಡಿದ. ಅವನಿಗೆ ಬೇಕಾಗಿದ್ದು ಓಡಬಹುದು ಎಂಬ ಸರ್ಟಿಫಿಕೇಟು. ಅವಳನ್ನು ವ್ಯಾನು ಹತ್ತಿಸಿದ. ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೊತೆಗೊಬ್ಬ ಹೆಂಗಸು ಇರಬೇಕು ಎಂಬ ನಿಯಮವಿತ್ತು. ವಾರ್ಡನ್ ರಜೆಯಲ್ಲಿದ್ದಳು.

"ಏಯ್, ನೀನು ಬಾ" ಎಂದು ಕೋಚ್ ಶೆಡ್ಡಿನತ್ತ ಕೈಬೀಸಿದ. ಬಟ್ಟೆಯಮ್ಮ ಕೈಯ ಸೋಪು ಸೆರಗಿಗೆ ಒರೆಸಿಕೊಂಡು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಳು.

ಮೂಳೆ ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಹೊರಗೆ ನಲವತ್ತು ರೋಗಿಗಳು ಕಾಯುತ್ತಿದ್ದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ತೊಡೆ ಮಡಚಿ ತಿರುಗಿಸಿದಳು. ಮಿಡತೆ ತುಟಿ ಕಚ್ಚಿ ಮಂಚದ ಕಂಬಿ ಹಿಡಿದಳು, ದನಿ ಹೊರಡಿಸಲಿಲ್ಲ.

"ಮುಂಚೆ ಯಾವತ್ತಾದರೂ ಮೂಳೆ ಮುರಿದಿತ್ತಾ?"

"ಸಣ್ಣಪುಟ್ಟದ್ದು ಮೇಡಂ" ಎಂದ ಕೋಚ್. ಅವನು ಪರದೆಯ ಈಚೆಯೇ ನಿಂತಿದ್ದ. "ಓಡೋರಿಗೆ ಇದೆಲ್ಲ ಇದ್ದದ್ದೇ."

"ಊಟ ಸರಿಯಾಗಿ ಮಾಡ್ತೀಯಾ?"

"ಮಾಡ್ತೀನಿ."

"ಮುಟ್ಟು ತಿಂಗಳು ತಿಂಗಳು ಆಗುತ್ತಾ?"

ಮಿಡತೆ ಕೋಚ್‌ನ ಶೂ ನೋಡಿದಳು. "ಆಗುತ್ತೆ."

ಡಾಕ್ಟರು ಬರೆಯಲು ಪೆನ್ನೆತ್ತಿದಳು.

ಬಟ್ಟೆಯಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಂಥ ಕೋಣೆಗಳಲ್ಲಿ ಅವಳು ಯಾವತ್ತೂ ಮಾತಾಡಿದವಳಲ್ಲ. ಹಾಸಿಗೆಯ ಬಟ್ಟೆ ಬದಲಿಸಿ, ತಲೆ ತಗ್ಗಿಸಿ ಹೊರಗೆ ಬಂದವಳು. ಪೆನ್ನು ಕಾಗದದ ಮೇಲೆ ಊರಿತು.

"ಸುಳ್ಳು ಡಾಕ್ಟ್ರೇ" ಅಂದಳು.

ಮೂವರೂ ಅವಳತ್ತ ತಿರುಗಿದರು.

"ಆಗಲ್ಲ ಅವಳಿಗೆ. ಹದಿನಾಲ್ಕು ತಿಂಗಳಿಂದ ಇಲ್ಲ. ನಾನು ಅವಳ ಬಟ್ಟೆ ಒಗೆಯೋಳು. ಊಟಾನೂ ಸುಳ್ಳು. ತೂಕ ಹಾಕಿ ಅನ್ನ ಬಡಿಸ್ತಾರೆ ಅಲ್ಲಿ. ಇದು ಮೂರನೇ ಮೂಳೆ. ನಮ್ಮಕ್ಕನಿಗೂ ಹೀಗೇ ಆಗಿತ್ತು."

"ಏಯ್, ಬಾಯಿ ಮುಚ್ಚು!" ಕೋಚ್ ಮುಂದೆ ಬಂದ. "ಮೇಡಂ, ಇವಳು ಅಗಸಗಿತ್ತಿ. ಇವಳ ಮಾತು ಕಟ್ಕೊಂಡು..."

"ನೀವು ಹೊರಗೆ ಹೋಗಿ" ಎಂದಳು ಡಾಕ್ಟರು.

"ನಾನು ಅವಳ ಕೋಚು."

"ನಾನು ಡಾಕ್ಟರು. ಹೊರಗೆ ಹೋಗಿ."

ಬಾಗಿಲು ಮುಚ್ಚಿದ ಮೇಲೆ ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮಿಡತೆ ಬಟ್ಟೆಯಮ್ಮನನ್ನು ದುರುಗುಟ್ಟಿ ನೋಡಿದಳು. "ನಿನಗೆ ಯಾರು ಹೇಳು ಅಂದ್ರು? ಯಾರು ಅಂದ್ರು?" ಎಂದು ಕಿರುಚಿದಳು. ಕಿರುಚುವಾಗ ಸೊಂಟ ಅಲುಗಿ ನೋವಿಗೆ ಮುದುಡಿದಳು. ಡಾಕ್ಟರಿಗೆ ಅಷ್ಟು ಸಾಕಾಯಿತು. ದೊಡ್ಡ ಸ್ಕ್ಯಾನಿಗೆ ಬರೆದಳು.

ತೊಡೆಯ ಮೂಳೆ ಸೊಂಟಕ್ಕೆ ಕೂಡುವ ಕತ್ತಿನಲ್ಲಿ ಬಿರುಕಿತ್ತು. ಅರ್ಧಕ್ಕೂ ಹೆಚ್ಚು ದಾಟಿತ್ತು.

"ನಾಲ್ಕು ದಿನ ಬಿಟ್ಟು ಓಡಿದ್ದಿದ್ರೆ ಎರಡು ತುಂಡಾಗ್ತಿತ್ತು" ಎಂದು ಡಾಕ್ಟರು ಹೇಳಿದಳು. "ಆಮೇಲೆ ಓಟ ಇರಲಿ, ನೆಟ್ಟಗೆ ನಡೆಯೋದೂ ಕಷ್ಟ. ಓಡಿದಾಗ ಎಲ್ಲರ ಮೂಳೆಗೂ ಸಣ್ಣಸಣ್ಣ ಪೆಟ್ಟು ಬೀಳುತ್ತೆ. ಮೈ ಅದನ್ನ ದಿನಾ ಕೂಡಿಸಿಕೊಳ್ಳುತ್ತೆ. ತಿನ್ನೋದು ಸಾಲದೆ ಹೋದ್ರೆ ಮೊದಲು ಮುಟ್ಟು ನಿಲ್ಲಿಸುತ್ತೆ, ಆಮೇಲೆ ಮೂಳೆ ಕೂಡಿಸೋದನ್ನೂ ಬಿಡುತ್ತೆ. ಒಂದು ಸಲ ಮುರಿದವರಿಗೆ ಇನ್ನೊಂದು ಸಲ ಬೇಗ ಮುರಿಯುತ್ತೆ. ಮೊದಲನೇ ಸಲವೇ ಯಾರಾದರೂ ಇದನ್ನೆಲ್ಲ ಕೇಳಬೇಕಿತ್ತು." ತರಿಸಿಕೊಂಡಿದ್ದ ಹಳೆಯ ಫೈಲು ತೆರೆದು ತನ್ನದೇ ಸಹಿಯ ಮೇಲೆ ಬೆರಳಿಟ್ಟಳು. "ಆಗ ಅವಳನ್ನ ನೋಡಿದ್ದೂ ನಾನೇ. ನಾನೂ ಕೇಳಿರಲಿಲ್ಲ."

ಅವತ್ತೇ ಮಿಡತೆಯನ್ನು ದಾಖಲು ಮಾಡಿಕೊಂಡರು. ಮೂಳೆಗೆ ಮೂರು ಸ್ಕ್ರೂ ಹಾಕಿದರು.

ವಾಪಸು ಬರುವಾಗ ವ್ಯಾನಿನಲ್ಲಿ ಕೋಚ್ ಹಿಂದೆ ತಿರುಗಿ ಕೇಳಿದ. "ಹುಡುಗೀರ ಚಡ್ಡಿ ಎಣಿಸೋದೇ ಏನೇ ನಿನ್ನ ಕಸುಬು? ನಾಚಿಕೆ ಆಗಲ್ವಾ?"

"ಒಗೆಯೋದು ನನ್ನ ಕಸುಬು ಸಾರ್. ಕಣ್ಣು ಮುಚ್ಕೊಂಡು ಒಗೆಯೋಕಾಗಲ್ಲ. ಅವರ ಅನ್ನ ಎಣಿಸೋಕೆ ನಿಮಗೆ ನಾಚಿಕೆ ಆಗಲ್ವಾ?"

ಡ್ರೈವರು ಕನ್ನಡಿಯಲ್ಲಿ ನೋಡಿದ. ಕೋಚ್ ವ್ಯಾನು ನಿಲ್ಲಿಸಿ ಅವಳನ್ನು ನಡುರಸ್ತೆಯಲ್ಲಿ ಇಳಿಸಿದ. ಅವಳು ಎರಡು ಗಂಟೆ ನಡೆದು ಹಾಸ್ಟೆಲು ತಲುಪಿದಳು. ನೆನೆಹಾಕಿದ್ದ ಬಟ್ಟೆ ಹಾಗೇ ಇತ್ತು. ಒಗೆದು ಹರವಿದಳು.

ಅಷ್ಟರಲ್ಲಿ ಹಾಸ್ಟೆಲಿಗೆಲ್ಲ ಸುದ್ದಿ ಹಬ್ಬಿತ್ತು. ಬಟ್ಟೆಯಮ್ಮ ಎಲ್ಲರ ಒಳಬಟ್ಟೆ ಮೂಸಿ ನೋಡಿ ಊರಿಗೆಲ್ಲ ಸಾರುತ್ತಾಳೆ. ಮಿಡತೆಯ ಓಟ ಹಾಳು ಮಾಡಿದಳು. ನಾಳೆ ನಮ್ಮದೂ ಮಾಡುತ್ತಾಳೆ. ಒಬ್ಬ ಹುಡುಗಿ ಬುಟ್ಟಿಯನ್ನು ಅವಳ ಕೈಯಿಂದ ಕಿತ್ತುಕೊಂಡು "ಥೂ" ಅಂದಳು. ಅವತ್ತಿನಿಂದ ಒಳಬಟ್ಟೆಗಳು ಬರಲಿಲ್ಲ. ಇದು ಅವಳಿಗೆ ಕೋಚಿನ ಬೈಗುಳಕ್ಕಿಂತ ಹೆಚ್ಚು ನಾಟಿತು. ಹದಿನಾಲ್ಕು ತಿಂಗಳು ಆ ಮಕ್ಕಳ ಬೆವರು ಒಗೆದಿದ್ದಳು. ಈಗ ಅವರು ಅವಳನ್ನು ಕಂಡರೆ ಟವೆಲ್ಲು ಬಚ್ಚಿಡುತ್ತಿದ್ದರು.

ಡಾಕ್ಟರು ಸುಮ್ಮನೆ ಕೂರಲಿಲ್ಲ. ಕ್ರೀಡಾ ಇಲಾಖೆಗೆ ಪತ್ರ ಬರೆದಳು. ಹತ್ತು ದಿನಕ್ಕೆ ವಿಚಾರಣೆಗೆ ಸಮಿತಿ ಬಂತು. ಮೂವರು ಗಂಡಸರು, ಒಬ್ಬ ಹೆಂಗಸು. ಹುಡುಗಿಯರನ್ನು ಒಬ್ಬೊಬ್ಬರನ್ನೇ ಕರೆದರು. ಕೋಚ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಎಲ್ಲರೂ ಹೇಳಿದ್ದು ಒಂದೇ: ಊಟ ಚೆನ್ನಾಗಿದೆ, ಎಲ್ಲ ಸರಿಯಾಗಿದೆ, ಸಾರ್ ನಮಗೆ ತಂದೆ ಸಮಾನ.

ಕೊನೆಗೆ ಬಟ್ಟೆಯಮ್ಮನನ್ನು ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಕಾಗದವಿತ್ತು.

"ಸಹಿ ಮಾಡಮ್ಮ. ಗೊತ್ತಿಲ್ಲದೆ ಏನೋ ಅಂದುಬಿಟ್ಟೆ ಅಂತ ಬರೆದಿದೆ. ನಿನ್ನ ಕೆಲಸಕ್ಕೆ ತೊಂದರೆ ಇಲ್ಲ" ಎಂದ ಅಧ್ಯಕ್ಷ.

ಅವಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಕಾಗದ ಎತ್ತಿಕೊಂಡು ಬೆರಳಿಟ್ಟು ಗಟ್ಟಿಯಾಗಿ ಓದಿದಳು. ತಪ್ಪು... ತಿಳುವಳಿಕೆಯಿಂದ... ಆಡಿದ... ಮಾತಿಗೆ... ಅಧ್ಯಕ್ಷ ಗಡಿಯಾರ ನೋಡಿಕೊಂಡ. ಅವಳು ಕೊನೆಯವರೆಗೂ ಓದಿದಳು. ಕೆಳಗಿಟ್ಟಳು.

"ಹಾಕಲ್ಲ."

"ಯಾಕೆ?"

"ನಾನು ನೋಡಿದ್ದನ್ನ ನೋಡಿಲ್ಲ ಅಂತ ಬರ್ದಿದ್ದೀರಿ."

"ಹಾಗಾದ್ರೆ ಯಾರ್ಯಾರಿಗೆ ನಿಂತಿದೆ? ಹೆಸರು ಹೇಳು. ಬರೆದುಕೊಳ್ತೀವಿ."

ಅವಳಿಗೆ ಹದಿನೇಳು ನಂಬರೂ ಬಾಯಿಗೆ ಬಂದಿದ್ದವು. ಕೋಚ್ ಪೆನ್ನಿನ ಮುಚ್ಚಳ ತೆಗೆದದ್ದು ಕಂಡಿತು. ಮಂಚದ ಮೇಲೆ ಮುದುಡಿ ಕಿರುಚಿದ ಹುಡುಗಿಯ ಮುಖವೂ ಕಂಡಿತು.

"ಹೆಸರೂ ಹೇಳಲ್ಲ. ಒಂದು ಸಲ ಆ ಹುಡುಗೀನ ಕೇಳದೇ ಹೇಳಿದ್ದೀನಿ, ಅದೇ ಸಾಕು. ಅವರನ್ನೇ ಕೇಳಿ. ಇವರನ್ನ ಹೊರಗೆ ಕಳಿಸಿ ಕೇಳಿ. ಹೊಟ್ಟೆ ತುಂಬ ಉಣ್ಣಿಸಿ ಕೇಳಿ."

"ಸಾಕ್ಷಿ ಇಲ್ಲ ಅಂತ ಬರ್ಕೊಳ್ಳಿ" ಎಂದ ಅಧ್ಯಕ್ಷ. ಕಮಿಟಿಯ ಹೆಂಗಸು ತಲೆ ಎತ್ತಲಿಲ್ಲ.

ಸಂಜೆಯೊಳಗೆ ಶೆಡ್ಡಿಗೆ ಬೇರೆ ಬೀಗ ಬಿತ್ತು.

ಮಿಡತೆ ಆಗಲೇ ತಾಯಿಯ ಮನೆಗೆ ಹೋಗಿದ್ದಳು. ಡಿಪೋದ ಗೋಡೆಗೆ ಅಂಟಿದ ಒಂದೇ ಕೋಣೆ. ಬಟ್ಟೆಯಮ್ಮ ಹುಡುಕಿಕೊಂಡು ಹೋದಳು. ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಗಳ ಮಾನ ಬೀದಿಗೆ ಹಾಕಿದ್ದು ನೀನೇನಾ?"

"ನಾನೇ."

"ಈಗ ಏನು ನೋಡೋಕೆ ಬಂದೆ?"

"ಬಿಡಮ್ಮಾ" ಎಂದಿತು ಒಳಗಿನ ದನಿ.

ಮಿಡತೆ ಚಾಪೆಯ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಊರುಗೋಲು ಪಕ್ಕದಲ್ಲಿತ್ತು. ಬಟ್ಟೆಯಮ್ಮ ಎದುರಿಗೆ ಕೂತಳು. ಆಚೆ ಬಸ್ಸುಗಳಿಗೆ ನೀರು ಹೊಡೆಯುವ ಸದ್ದು.

"ನನ್ನ ಕೇಳಿ ಹೇಳಬೇಕಿತ್ತು ನೀನು."

"ಹೌದು. ಕೇಳಬೇಕಿತ್ತು."

"ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಗೊತ್ತು. ಬೇಡ ಅಂದ್ರೂ ನಾನು ಹೇಳ್ತಿದ್ದೆ."

ಮಿಡತೆ ಮುಖ ತಿರುಗಿಸಿದಳು. ಬಟ್ಟೆಯಮ್ಮ ಕಮಿಟಿಯಲ್ಲಿ ನಡೆದದ್ದನ್ನು ಇದ್ದ ಹಾಗೇ ಹೇಳಿದಳು. ಎಲ್ಲ ಹುಡುಗಿಯರೂ ಸರಿಯಾಗಿದೆ ಅಂದದ್ದು. ಸಾಕ್ಷಿ ಇಲ್ಲ ಎಂದು ಬರೆದುಕೊಂಡದ್ದು. ಶೆಡ್ಡಿನ ಬೀಗ. ತಾಯಿ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡಳು. ಆಮೇಲೆ ಒಳಗೆ ಬಂದು ಮಗಳ ಪಕ್ಕ ಕೂತಳು.

"ನೀನು ಹೇಳಿದ್ದೂ ಸರಿ ಇಲ್ಲ" ಎಂದಳು ಮಿಡತೆ.

"ಯಾವುದು?"

"ಹದಿನಾಲ್ಕು ತಿಂಗಳು ಅಂದೆ. ಅದು ನೀನು ಬಂದ ಮೇಲಿಂದು. ಅದಕ್ಕಿಂತ ಮುಂಚೆ ಆರು ತಿಂಗಳು ಬಿಟ್ಟೆ. ಮೊದಲನೇ ಸಲ ಕಾಲು ಮುರಿದಾಗಲೇ ನಿಂತಿತ್ತು. ಕೋಚಿಗೆ ಹೇಳಿದ್ದೆ. ಭೇಷ್ ಅಂತ ಬೆನ್ನು ತಟ್ಟಿದ್ರು. ನಾನು ಖುಷಿಯಾಗಿ ಮಲಗಿದ್ದೆ ಅವತ್ತು." ತಾಯಿಯತ್ತ ಕೈಚಾಚಿದಳು. "ಅಮ್ಮಾ, ಒಂದು ಹಾಳೆ ಕೊಡು."

ಅವಳು ತೊಡೆಯ ಮೇಲೆ ತಟ್ಟೆ ಬೋರಲಿಟ್ಟು ಬರೆದಳು. ಒಂದೂವರೆ ಪುಟ. ತೂಕದ ಯಂತ್ರ, ಅರ್ಧ ಅನ್ನ, ಎಮ್ಮೆ, ಮೂರು ಮೂಳೆ, ಇಪ್ಪತ್ತು ತಿಂಗಳು. ಬಟ್ಟೆಯಮ್ಮ ಬೆರಳಿಟ್ಟು ಓದಿದಳು.

"ವಿನಂತಿ ಅಂತ ಎಲ್ಲೂ ಬರೆದಿಲ್ಲವಲ್ಲೇ."

"ಬರೆಯಲ್ಲ."

ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಆ ಕಾಗದದ ಫೋಟೋ ತೆಗೆದು ಹಾಸ್ಟೆಲಿನ ಇಪ್ಪತ್ತೊಂದು ಹುಡುಗಿಯರಿಗೂ ಕಳಿಸಿದಳು. ನಾಲ್ಕು ದಿನ ಯಾರೂ ಉತ್ತರಿಸಲಿಲ್ಲ. ಐದನೆಯ ದಿನ ಥೂ ಅಂದಿದ್ದ ಹುಡುಗಿಯ ಕಾಗದ ಬಂತು. ಹನ್ನೊಂದು ತಿಂಗಳು, ಎರಡು ಮೂಳೆ. ಆಮೇಲೆ ಇನ್ನೊಂದು. ಒಟ್ಟು ಏಳು ಕಾಗದ ಸೇರಿದವು. ಏಳನ್ನೂ ಡಾಕ್ಟರು ಇಲಾಖೆಗೆ ಕಳಿಸಿದಳು. ಸಮಿತಿ ಮತ್ತೆ ಬಂತು. ಈ ಸಲ ಕೋಚ್‌ನನ್ನು ಹೊರಗೆ ಕೂರಿಸಿದರು. ಊಟದ ಕೋಣೆಯ ಬಾಗಿಲಿಂದ ತೂಕದ ಯಂತ್ರ ಹೋಯಿತು. ಮೊಟ್ಟೆ ಬಂತು.

ಬಟ್ಟೆಯಮ್ಮನನ್ನು ವಾಪಸು ಕರೆಯಲಿಲ್ಲ. ಅವಳು ಮತ್ತೆ ಆಸ್ಪತ್ರೆಯ ಬಟ್ಟೆಗೇ ಸೇರಿಕೊಂಡಳು. ಮಿಡತೆ ಊರುಗೋಲು ಬಿಟ್ಟಳು, ಕುಂಟು ಬಿಡಲಿಲ್ಲ. ಮತ್ತೆ ಓಡಬಹುದಾ ಎಂದು ಕೇಳಿದರೆ ನೋಡೋಣ ಎಂದಳು ಡಾಕ್ಟರು. ನೋಡೋಣ ಎಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು.

ಮಳೆಗಾಲ ಕಳೆದ ಮೇಲೆ ತಪಾಸಣೆಗೆ ಬಂದ ಮಿಡತೆ ಆಸ್ಪತ್ರೆಯ ಹಿಂಭಾಗಕ್ಕೆ ಬಂದಳು. ಒಣಗುತ್ತಿದ್ದ ಹಾಸಿಗೆ ಬಟ್ಟೆಗಳ ನಡುವೆ ನುಸುಳಿ ಬಟ್ಟೆಯಮ್ಮನನ್ನು ಹುಡುಕಿದಳು.

"ಆ ಕೋಚಿಗೆ ಏನೂ ಆಗಿಲ್ಲ" ಅಂದಳು. ಮುಖ ಕಪ್ಪಿಟ್ಟಿತ್ತು. "ಬೇರೆ ಊರಿಗೆ ವರ್ಗ ಮಾಡಿದ್ದಾರೆ, ಅಷ್ಟೇ. ಅಲ್ಲೂ ಹುಡುಗೀರೇ. ಮೂವತ್ತು ಜನ. ಹದಿಮೂರು ಹದಿನಾಲ್ಕು ವರ್ಷದೋರು."

ಬಟ್ಟೆಯಮ್ಮ ಹಿಂಡುತ್ತಿದ್ದ ಚಾದರವನ್ನು ಕೈಬಿಟ್ಟಳು. ಮೂವತ್ತು. ಎಷ್ಟೋ ಮಂದಿ ಇನ್ನೂ ಮುಟ್ಟು ಶುರುವೂ ಆಗದವರು. ನಿಂತಿತು ಎಂದು ಯಾರಿಗೂ ಗೊತ್ತೇ ಆಗುವುದಿಲ್ಲ.

"ಅಲ್ಲಿ ಬಟ್ಟೆ ಒಗೆಯೋರು ಯಾರು?" ಎಂದು ಕೇಳಿದಳು.

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ಮೂರು ಗಂಟೆಯ ದಾರಿ. ಮಿಡತೆ ಕಾಲು ಚಾಚಿ ಕೂತಳು. ಬಟ್ಟೆಯಮ್ಮ ಮೂರು ಮೊಟ್ಟೆ ಬೇಯಿಸಿ ತಂದಿದ್ದಳು. ಮಿಡತೆ ಎರಡು ತಿಂದಳು. ಆ ಹಾಸ್ಟೆಲಿನ ಮುಂದಿನ ಗೇಟಿನಲ್ಲಿ ಕಾವಲುಗಾರನಿದ್ದ. ಅವರು ಅತ್ತ ಹೋಗಲಿಲ್ಲ. ಕಾಂಪೌಂಡು ಸುತ್ತಿ ಅಡುಗೆಮನೆಯ ಹಿಂದಕ್ಕೆ ಬಂದರು. ಅಲ್ಲೊಂದು ಸಣ್ಣ ಬಾಗಿಲು ತೆರೆದಿತ್ತು. ಒಳಗೆ ಸಾಲುಸಾಲಾಗಿ ಪುಟ್ಟ ಚಡ್ಡಿ ಬನಿಯನ್ನುಗಳು ಗಾಳಿಗೆ ಹಾರುತ್ತಿದ್ದವು. ಕಲ್ಲಿನ ಮುಂದೆ ಒಬ್ಬ ಮುದುಕಿ ಬಗ್ಗಿ ಬಟ್ಟೆ ಕುಸುಬುತ್ತಿದ್ದಳು. ನೆರಳು ಬಿದ್ದದ್ದು ನೋಡಿ ತಲೆ ಎತ್ತಿದಳು.

"ಯಾರಮ್ಮ ನೀವು? ಏನು ಬೇಕಿತ್ತು?"

ಬಟ್ಟೆಯಮ್ಮ ಸೆರಗು ಸಿಕ್ಕಿಸಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿ ಹಿಂಡಿದಳು.

"ನಾನೂ ಒಗೆಯೋಳೇ ಅಕ್ಕ" ಅಂದಳು. "ಈ ಮಕ್ಕಳ ವಿಚಾರ ಒಂದು ಮಾತು ಕೇಳಬೇಕಿತ್ತು. ನಿಮ್ಮನ್ನ ಯಾರೂ ಕೇಳಿರಲ್ಲ."